ದೊರೆ ಅತ್ತ ಪುಟ

ಕೊನೆಯ ಮಾಮೂಲಿ ದಿನ ಒಂದು ಭಾನುವಾರ. ಡೊಂಬಿವಲಿಯ ನಮ್ಮ ಮನೆಯ ಅಡುಗೆ ಕಟ್ಟೆಯ ಮೇಲೆ ಹಾಲು ಕಾಯಲಿಟ್ಟು, ನನ್ನ ಹೆಂಡತಿ ಕಿಟಕಿಯ ಬೆಳಕಿಗೆ ಹಾಳೆ ಹಿಡಿದು ತಾನು ಬರೆದದ್ದನ್ನು ತಾನೇ ಓದಿಕೊಳ್ಳುತ್ತಿದ್ದಳು. ನಾನು ನೆಲದ ಮೇಲೆ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಹಾಲು ಉಕ್ಕಿತು.

“ರೀ, ಹಾಲಿನವರು ಉಕ್ಕಿದ್ರು ನೋಡ್ರಿ!”

“ಸ್ವಲ್ಪ ಕೆಳಗ ಇಳೀರಿ ಅಂತ ಅವರಿಗೆ ಹೇಳು,” ಅಂದೆ.

“ನಾ ಹೆಂಗ ಹೇಳ್ಲಿ? ದೊಡ್ಡವರು. ನೀವ ಬಂದು ಕೈ ಮುಗೀರಿ.”

ಗ್ಯಾಸ್ ಆರಿಸುವಷ್ಟರಲ್ಲಿ ಅರ್ಧ ಹಾಲು ಕಟ್ಟೆಯ ಮೇಲಿತ್ತು. ಅವಳು ನಗುತ್ತಲೇ ಒರೆಸಿದಳು. ಮರುದಿನ ಬೆಳಿಗ್ಗೆ ಪಾಠ ಮಾಡಲು ಶಾಲೆಗೆ ಹೊರಟವಳು ಠಾಣೆ ಸ್ಟೇಷನ್ನಿನ ಸೇತುವೆಯ ಮೆಟ್ಟಿಲ ಮೇಲೆ ಏಳಲಾಗದೆ ಕುಳಿತುಬಿಟ್ಟಳು. ಮತ್ತೆ ಶಾಲೆಗೆ ಹೋಗಲಿಲ್ಲ.

ಹಾಲಿಗೆ ‘ಉಕ್ಕಿದ್ರು’ ಎಂದದ್ದು ಅವಳ ಕಾದಂಬರಿಯ ತಮಾಷೆ. ಅದರಲ್ಲಿ ಹೆಸರಿಲ್ಲದ ಒಂದು ಊರಿದೆ, ಒಬ್ಬ ದೊರೆ ಇದ್ದಾನೆ. ತನ್ನನ್ನು ಯಾರೂ ಏಕವಚನದಲ್ಲಿ ಕರೆಯಕೂಡದೆಂದು ಅವನು ಮೊದಲು ಅಪ್ಪಣೆ ಹೊರಡಿಸುತ್ತಾನೆ. ಅದು ಸರಿಯೇ ಎಂದು ಜನ ಒಪ್ಪುತ್ತಾರೆ. ಆಮೇಲೆ ಅವನ ಕುದುರೆಗೂ ಬಹುವಚನ ಬರುತ್ತದೆ, ನಾಯಿಗೂ ಬರುತ್ತದೆ, ಗೋಡೆಯ ಮೇಲಿನ ಅವನ ಪಟಕ್ಕೂ ಬರುತ್ತದೆ. ಕೊನೆಗೆ ಊರಿನಲ್ಲಿ ಏಕವಚನವೇ ಅಪರಾಧವಾಗಿ, ತಾಯಂದಿರು ತೊಟ್ಟಿಲ ಕೂಸಿಗೆ “ಅಳಬೇಡಿರಿ” ಎನ್ನುತ್ತಾರೆ. ತಪ್ಪಿ ಆಡಿದವರನ್ನು ಹಿಡಿಯಲು ವಚನ ತಪಾಸಣಾ ಇಲಾಖೆ ಎಂಬುದೊಂದಿದೆ. ಸರ್ಕಾರಿ ಪತ್ರಿಕೆ ಬೆಲೆ ಏರಿತೆಂದು ಬರೆಯುವುದಿಲ್ಲ. ‘ಜೋಳದ ಬೆಲೆಯವರು ಮೇಲಕ್ಕೆ ದಯಮಾಡಿಸಿದ್ದಾರೆ’ ಎಂದು ಬರೆಯುತ್ತದೆ. ಸೇತುವೆ ಕುಸಿದು ಬಿದ್ದ ದಿನ ‘ಸೇತುವೆಯವರು ವಿಶ್ರಾಂತಿಗೆ ತೆರಳಿದರು’ ಎಂದು ಬರೆಯುತ್ತದೆ.

“ನೇರ ಬೈದು ಬರೀಬಾರದೇನು?” ಎಂದು ಒಮ್ಮೆ ಕೇಳಿದ್ದೆ.

“ಬೈದ್ರ ಅಂವಗ ಸಿಟ್ಟು ಬರ್ತೈತಿ, ಅಷ್ಟ. ಹೊಗಳಿ ಹೊಗಳಿ ಬರದ್ರ ಮಂದಿಗೆ ನಗಿ ಬರ್ತೈತಿ. ಮಂದಿ ಒಮ್ಮಿ ನಕ್ಕಿಂದ ಅಂವ ಏನ್ ಮಾಡ್ತಾನ ಹೇಳ್ರಿ?”

ನಾನು ಓದಿದ್ದು ಹತ್ತನೆಯ ತರಗತಿಯವರೆಗೆ. ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಪತ್ರ, ಹೌಸಿಂಗ್ ಸೊಸೈಟಿ ನೋಟಿಸು, ಕನ್ನಡ, ಮರಾಠಿ ಎರಡೂ ಮಾಡುತ್ತೇನೆ. ಅವಳ ಹಾಳೆಗಳನ್ನು ಟೈಪ್ ಮಾಡುವುದು ನನ್ನ ಪಾಲಿನ ಕೆಲಸವಾಗಿತ್ತು. ಒಂದೇ ಮಗ್ಗುಲಿಗೆ ಬರೆ, ಇಲ್ಲದಿದ್ದರೆ ಹಿಂದಿನ ಅಕ್ಷರ ಮೂಡಿ ಕಣ್ಣಿಗೆ ತ್ರಾಸಾಗುತ್ತದೆ ಎಂದು ಮೊದಲೇ ಹೇಳಿದ್ದೆ. ಹಾಗೇ ಬರೆದಳು. ಹಿಂಬದಿ ಖಾಲಿ ಉಳಿಯುತ್ತಿತ್ತು.

ಅಂಗಡಿಯಲ್ಲಿ ಒಂದು ಮಗ್ಗುಲು ಖಾಲಿ ಇರುವ ಕಾಗದವನ್ನು ಯಾರೂ ಎಸೆಯುವುದಿಲ್ಲ. ಪ್ರಿಂಟರಿನ ಕೆಳಗಿನ ಟ್ರೇಗೆ ಹಾಕುತ್ತೇವೆ. ಗಿರಾಕಿಗೆ ಕೊಡುವ ಕಚ್ಚಾ ಪ್ರೂಫು ಅದರ ಮೇಲೆ ಬರುತ್ತದೆ. ಅವಳ ಹಾಳೆಗಳನ್ನು ಹಾಗೆ ಮಾಡಲು ನನಗೆ ಮನಸ್ಸಿರಲಿಲ್ಲ. ಅವಳೇ ಹಟ ಹಿಡಿದಳು.

“ಟೈಪ್ ಆತಲ್ಲ, ಇನ್ನ್ಯಾಕ ಇಟ್ಕೊಂಡು ಕುಂದ್ರತೀರಿ? ಟ್ರೇದಾಗ ಹಾಕ್ರಿ. ಮಂದಿ ಮದುವಿ ಪತ್ರದ ಬೆನ್ನಿಗೆ ನಮ್ಮ ದೊರಿ ಊರೂರು ತಿರಗಲಿ. ತಪಾಸಣಾ ಇಲಾಖೆಗೂ ಸಿಗೂದಿಲ್ಲ.”

ಅದು ಅವಳಿಗೆ ಬಹಳ ಹಿಡಿಸಿತ್ತು. ಇವತ್ತು ಯಾವ ಪುಟ ಯಾರ ಮನೆಗೆ ಹೋಯಿತೆಂದು ಸಂಜೆ ಕೇಳುತ್ತಿದ್ದಳು.

ಮೊದಲ ಐದು ಅಧ್ಯಾಯ ಹೀಗೆ ಮುಗಿದವು. ಅವುಗಳ ಪ್ರೂಫನ್ನು ಅವಳೇ ತಿದ್ದಿದಳು. ಉಳಿದ ಮೂರು ಅಧ್ಯಾಯಗಳನ್ನು ನವಿ ಮುಂಬೈಯ ಒಂದು ಆಸ್ಪತ್ರೆಯಲ್ಲಿ, ಮಡಿಲ ಮೇಲೆ ಪ್ಯಾಡ್ ಇಟ್ಟುಕೊಂಡು ಬರೆದಳು. ನಾನು ಬೆಳಿಗ್ಗೆ ಅಂಗಡಿಯಲ್ಲಿ ಟೈಪ್ ಮಾಡಿ, ಮಧ್ಯಾಹ್ನ ಠಾಣೆಗೆ ಬಂದು ಗಾಡಿ ಬದಲಿಸಿ ಅವಳ ಬಳಿಗೆ ಹೋಗುತ್ತಿದ್ದೆ. ಬರುವಾಗ ಹೊಸ ಹಾಳೆಗಳನ್ನು ತರುತ್ತಿದ್ದೆ. ಸಾಲುಗಳು ಬಲಕ್ಕೆ ಇಳಿಯುತ್ತ ಬಂದಿದ್ದವು. ಒತ್ತಕ್ಷರಗಳು ಕೆಳಗಿನ ಸಾಲಿಗೆ ಬಡಿಯುತ್ತಿದ್ದವು.

ಆರನೆಯ ಅಧ್ಯಾಯದಲ್ಲಿ ನನಗೆ ಮೊದಲ ತಪ್ಪು ಕಂಡಿತು. ‘ದೊರೆಗಳು ಬಾಲ್ಕನಿಗೆ ಬಂದರು. ಜನಕ್ಕೆ ಕೈ ಬೀಸಿದರು. ಒಳಗೆ ಹೋಗಿ ಅತ್ತ.’

ಇಡೀ ಪುಸ್ತಕದಲ್ಲಿ ದೊರೆಗೆ ಬಹುವಚನ. ಇಲ್ಲಿ ‘ಅತ್ತ’. ಕೈ ತಪ್ಪಿರಬೇಕು ಎಂದುಕೊಂಡೆ. ಎರಡು ಪುಟದ ನಂತರ ‘ನಡುಗಿದ’ ಬಂತು. ಆಮೇಲೆ ‘ಅವನಿಗೆ ಹಸಿವಾಯಿತು’. ಹೀಗೆ ಅಲ್ಲೊಂದು ಇಲ್ಲೊಂದು. ಅದೇ ವಾರ ಡಾಕ್ಟರು ಅವಳ ರಕ್ತದಲ್ಲಿ ಸೋಡಿಯಂ ಇಳಿದಿದೆ, ಮಾತಿನಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆಗಬಹುದು, ಗಾಬರಿಯಾಗಬೇಡಿ ಎಂದಿದ್ದರು. ನಾನು ಅದನ್ನೂ ಇದನ್ನೂ ಜೋಡಿಸಿಕೊಂಡೆ. ಅವಳಿಗೆ ತೋರಿಸಿ ಕೇಳಬಹುದಿತ್ತು. ನಿನ್ನ ಬರಹದಲ್ಲಿ ಕಾಯಿಲೆ ಕಾಣುತ್ತಿದೆ ಎಂದು ಹೇಗೆ ಕೇಳಲಿ? ಕೇಳಲಿಲ್ಲ.

ಸುಮ್ಮನೆ ತಿದ್ದಿದೆ. ಮೊದಲು ಒಂದೇ ಸಲಕ್ಕೆ ಎಲ್ಲವನ್ನೂ ಬದಲಿಸುವ ಆಜ್ಞೆ ಕೊಟ್ಟು ನೋಡಿದೆ: ‘ಬಂದ’ ಇರುವಲ್ಲೆಲ್ಲ ‘ಬಂದರು’ ಹಾಕು ಎಂದು. ‘ಬಂದಮೇಲೆ’ ಇದ್ದದ್ದು ‘ಬಂದರುಮೇಲೆ’ ಆಗಿ, ದೊರೆ ಹಡಗುಗಳ ಬಂದರಿನ ಮೇಲೆ ನಿಂತಂತಾಯಿತು. ‘ಹೇಳಿದ’ಕ್ಕೂ ಹಾಗೇ ಮಾಡಿದಾಗ ‘ಹೇಳಿದ ಮಾತು’ ಎಂಬುದು ‘ಹೇಳಿದರು ಮಾತು’ ಆಯಿತು. ಅದನ್ನು ರದ್ದು ಮಾಡಿ, ಒಂದೊಂದೇ ಕ್ರಿಯಾಪದ ಹುಡುಕಿ ಕೈಯಿಂದ ತಿದ್ದಿದೆ. ಹಳೆಯ ಕಡತದ ಮೇಲೆಯೇ ಉಳಿಸಿದೆ. ಕಡೆಕಡೆಗೆ ತಿದ್ದುವ ಕೆಲಸವೂ ಬೇಕಾಗಲಿಲ್ಲ. ಟೈಪ್ ಮಾಡುವಾಗಲೇ ಬೆರಳು ತಾನಾಗಿ ‘ರು’ ಸೇರಿಸುತ್ತಿತ್ತು.

ಒಂದು ಮಧ್ಯಾಹ್ನ ನಾನು ವಾರ್ಡಿಗೆ ಹೋದಾಗ ಅವಳು ಕಣ್ಣು ಮುಚ್ಚಿದ್ದಳು. ಸ್ಟೂಲು ಎಳೆದ ಸದ್ದಿಗೆ ಕಣ್ಣು ತೆರೆದು ನನ್ನನ್ನು ನೋಡಿ, “ನೀ ಉಂಡೀ ಏನು?” ಎಂದಳು.

ಮದುವೆಯಾದಂದಿನಿಂದ ಅವಳು ನನಗೆ ‘ರೀ’ ಮತ್ತು ‘ನೀವು’. ಜಗಳದಲ್ಲೂ ‘ನೀವು’. ನಾನು ಹೊರಗೆ ಹೋಗಿ ನರ್ಸಿಗೆ, “ಸಿಸ್ಟರ್, ವೋ ಥೋಡಾ ಉಲ್ಟಾ ಬೋಲ್ ರಹೀ ಹೈ, ಸೋಡಿಯಂ ದೇಖೋ ನಾ,” ಎಂದು ಅವಳ ಮಾತು ತಪ್ಪುತ್ತಿರುವುದನ್ನು ಹೇಳಿದೆ. ಅವರು ಬಂದು ರಕ್ತ ತೆಗೆದುಕೊಂಡರು. ಅವಳ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಆಮೇಲೆ ಹತ್ತು ದಿನ ಇದ್ದಳು.

ಅವಳು ಕೊನೆಯದಾಗಿ ಕೊಟ್ಟ ಹಾಳೆಗಳನ್ನು ಯಾವಾಗ ಟೈಪ್ ಮಾಡಿದೆನೋ ನೆನಪಿಲ್ಲ. ಕಡತದ ತಾರೀಖು ನೋಡಿದರೆ ಅವಳು ಹೋಗುವ ಹಿಂದಿನ ದಿನ. ಕೈ ಟೈಪ್ ಮಾಡಿತ್ತು, ಕಣ್ಣು ಓದಿರಲಿಲ್ಲ.

ವರ್ಷದ ದಿನಕ್ಕೆ ಪುಸ್ತಕ ತರಬೇಕೆಂದು ನಿಶ್ಚಯಿಸಿದೆ. ಅವಳು ಹೋದ ಹತ್ತನೆಯ ತಿಂಗಳಲ್ಲಿ ಪುಟಗಳನ್ನು ಜೋಡಿಸಿ, ಎರಡು ಪ್ರತಿ ತೆಗೆದು, ಒಂದನ್ನು ನಮ್ಮ ಕಡೆಯ ಕನ್ನಡ ಸಂಘದ ಕಾರ್ಯದರ್ಶಿಗೆ ಕೊಟ್ಟೆ. ಅವರದು ಕಲ್ಯಾಣದಲ್ಲಿ ಬಟ್ಟೆ ಅಂಗಡಿ. ನಾಲ್ಕು ದಿನಕ್ಕೆ ಫೋನ್ ಮಾಡಿದರು.

“ಭಾಳ ಛಲೋ ಆಗೇತ್ರಿ. ಮೊದಲ ಏನೋ ಚಾಷ್ಟಿ ಮಾಡ್ಯಾರ ಅನಸ್ತಿತ್ತು. ಮುಂದ ಓದಕೋತ ಹೋದ್ರ ದೊರಿಗಳು ಮಂದಿ ಸಲುವಾಗಿ ಒಬ್ಬರ ಕುಂತು ಅಳ್ತಾರ ನೋಡ್ರಿ, ನನಗ ಕಣ್ಣಾಗ ನೀರು ಬಂತು. ಇದನ್ನ ನಮ್ಮ ವಾರ್ಡಿನ ಕಾರ್ಪೊರೇಟರ್ ಸಾಹೇಬರ ಕೈಯಿಂದ ಬಿಡುಗಡಿ ಮಾಡಸೂಣು. ಅವರಿಗೂ ಖುಷಿ ಆಗ್ತದ.”

ನನಗೆ ಸಂತೋಷವಾಯಿತು. ಅದನ್ನು ಮುಚ್ಚಿಡುವುದಿಲ್ಲ.

ಇನ್ನೊಂದು ಪ್ರತಿ ಠಾಣೆಯಲ್ಲಿರುವ ಅವಳ ಗೆಳತಿಗೆ. ಇಬ್ಬರೂ ಒಂದೇ ಶಾಲೆಯಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದವರು. ಗೆಳತಿ ಉಡುಪಿಯ ಕಡೆಯವರು. ನಾನು ಹೋದಾಗ ಮೇಜಿನ ಮೇಲೆ ಪ್ರತಿ ತೆರೆದಿಟ್ಟು ಕುಳಿತಿದ್ದರು. ಮುಖ ಕೆಂಪಾಗಿತ್ತು.

“ಎಂಥದು ಮಾರಾಯ್ರೆ ಇದು? ಯಾರು ತಿದ್ದಿದ್ದು?”

“ನಾನೇ. ಕೆಲವು ಕಡೆ ವಚನ ತಪ್ಪಿತ್ತು.”

“ತಪ್ಪಿತ್ತಾ! ಈ ಬಾಲ್ಕನಿಯ ಸಾಲನ್ನು ಆಸ್ಪತ್ರೆಯಲ್ಲಿ ನನಗೆ ಓದಿ ಹೇಳಿದ್ದಾಳೆ ಅವಳು. ಬಂದರು, ಬೀಸಿದರು, ಒಳಗೆ ಹೋಗಿ ಅತ್ತ. ಆ ‘ಅತ್ತ’ ಬರುವಾಗ ನನಗೆ ಮೈ ಜುಂ ಅಂದಿತ್ತು. ಬಾಗಿಲು ಹಾಕಿದ ಕೂಡಲೇ ಅವನ ಬಹುವಚನ ಕಳಚಿ ಬೀಳ್ತದೆ, ನೋಡಿ. ನೀವು ಅದನ್ನು ‘ಅತ್ತರು’ ಮಾಡಿದ್ದೀರಿ. ಅವಳು ಅವನ ಅಂಗಿ ತೆಗೆಸಿದ್ದಳು, ನೀವು ಅತ್ತರು ಪೂಸಿ ವಾಪಸ್ ತೊಡಿಸಿದ್ದೀರಿ.”

ನಾನು ಪ್ರತಿಯನ್ನು ನನ್ನ ಕಡೆಗೆ ತಿರುಗಿಸಿ ಆ ಸಾಲು ಓದಿದೆ.

“ಅವಳ ಕಥೆಯಲ್ಲಿ ಒಂದು ಇಲಾಖೆ ಉಂಟಲ್ಲ,” ಎಂದರು. ಆಮೇಲೆ ನನ್ನ ಮುಖ ನೋಡಿ ಮಾತನ್ನು ಅಲ್ಲಿಗೇ ಬಿಟ್ಟು, ಚಹಾ ಮಾಡಲು ಎದ್ದರು.

ಗಾಡಿಯಲ್ಲಿ ನಿಂತು ಬರುವಾಗ ಕಾರ್ಯದರ್ಶಿಯ ಹೊಗಳಿಕೆ ಮತ್ತೆ ನೆನಪಾಯಿತು. ಒಂದು ‘ರು’ ಸೇರಿಸಿದ್ದಕ್ಕೆ ಅವಳ ನಗೆ ಸರ್ಕಾರಿ ಪತ್ರಿಕೆಯಾಗಿತ್ತು. ಬರೆದವಳ ಮೇಲಿನ ಪ್ರೀತಿಯಿಂದಲೇ ಅದನ್ನು ಮಾಡಿದ್ದೆ. ಅದೇ ನನಗೆ ಹೆಚ್ಚು ಚುಚ್ಚಿತು.

ತಿದ್ದಿದ್ದನ್ನು ಹಿಂದಕ್ಕೆ ತರಲು ಮೂಲ ಬೇಕು. ಕಡತ ಹಳೆಯದು ಉಳಿದಿಲ್ಲ. ಹಾಳೆಗಳು ಟ್ರೇ ಹಾದು ಊರೆಲ್ಲ ಹೋಗಿವೆ. ಕೊನೆಯ ಮೂರು ಅಧ್ಯಾಯ ಒಟ್ಟು ನಲವತ್ತಮೂರು ಹಾಳೆ. ಟ್ರೇಯ ತಳದಲ್ಲಿ ಒಂಬತ್ತು ಸಿಕ್ಕವು. ಬಾಗಿಲ ಹಿಂದೆ ಏಕವಚನ, ಜನರೆದುರು ಬಹುವಚನ ಎಂಬ ಲೆಕ್ಕದಲ್ಲಿ ಉಳಿದದ್ದನ್ನು ನಾನೇ ತುಂಬಬಹುದು ಎಂದುಕೊಂಡೆ. ಆದರೆ ಆ ಒಂಬತ್ತರಲ್ಲೇ ಒಂದು ಕಡೆ ದೊರೆ ಒಬ್ಬನೇ ಇದ್ದಾನೆ, ಆದರೂ ‘ಕನ್ನಡಿಯ ಮುಂದೆ ನಿಂತರು’ ಎಂದಿತ್ತು. ಕನ್ನಡಿ ಇದ್ದಲ್ಲಿ ಅವನಿಗೆ ಅವನೇ ಪ್ರಜೆ. ನಾನು ತುಂಬಿದ್ದರೆ ಅದನ್ನು ‘ನಿಂತ’ ಎಂದು ಕೆಡಿಸುತ್ತಿದ್ದೆ. ಅವಳ ಲೆಕ್ಕ ನನ್ನ ಲೆಕ್ಕಕ್ಕಿಂತ ಸೂಕ್ಷ್ಮವಾಗಿತ್ತು.

ಕಾರ್ಯದರ್ಶಿಗೆ ಫೋನ್ ಮಾಡಿ, ವರ್ಷದ ದಿನಕ್ಕೆ ಪುಸ್ತಕ ಆಗುವುದಿಲ್ಲ, ಸಾಹೇಬರಿಗೂ ಹೇಳಬೇಡಿ ಎಂದೆ. ಹಾಳೆಗಳನ್ನು ಹುಡುಕಲು ಹೊರಟೆ.

ಅವಳು ಆಸ್ಪತ್ರೆಯಲ್ಲಿದ್ದ ಎರಡು ತಿಂಗಳಲ್ಲಿ ನಾನು ತೆಗೆದ ಪ್ರೂಫುಗಳ ಕಡತಗಳೆಲ್ಲ ಕಂಪ್ಯೂಟರಿನಲ್ಲಿ ತಾರೀಖಿನ ಸಮೇತ ಇದ್ದವು. ಟೈಪ್ ಮಾಡಿದ ಹಾಳೆಯನ್ನು ಟ್ರೇಯಲ್ಲಿ ಮೇಲಿನಿಂದ ಇಡುತ್ತೇನೆ. ಮುಂದಿನ ಪ್ರೂಫು ಮೇಲಿನ ಹಾಳೆಯನ್ನೇ ಎಳೆದುಕೊಳ್ಳುತ್ತದೆ. ಆದ್ದರಿಂದ ಯಾವ ದಿನ ಯಾವ ಹಾಳೆ ಯಾರ ಕೈಗೆ ಹೋಗಿರಬಹುದೆಂದು ಅಂದಾಜು ಹಾಕಲು ಬಂತು. ಪಟ್ಟಿ ಮಾಡಿಕೊಂಡು ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಹೆಚ್ಚಿನವರು ನಕ್ಕರು. “ಒಂದ್ ವರ್ಷದ ಹಿಂದಿನ ಪ್ರೂಫ್ ಯಾರ್ ಇಡ್ತಾರ್ರೀ?” ಎಂದರು. ಆದರೆ ಜನ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಕಾಗದ ಇಟ್ಟುಕೊಂಡಿರುತ್ತಾರೆ.

ಸೀವುಡ್ಸಿನ ಒಂದು ಸೊಸೈಟಿಯ ಸೆಕ್ರೆಟರಿ ಪ್ರೂಫುಗಳನ್ನೂ ಫೈಲು ಮಾಡುವ ಮನುಷ್ಯ. “ಕಾಕಾ, ಅಪನೇ ಯಹಾಂ ಕುಛ್ ಫೇಂಕತೇ ನಹೀಂ,” ಎಂದು ಏನನ್ನೂ ಎಸೆಯದ ಹೆಮ್ಮೆಯಿಂದ ಫೈಲು ಬಿಚ್ಚಿದರು. ನೀರಿನ ಟಾಕಿ ತೊಳೆಯುವ ನೋಟಿಸು ಮೊದಲಾದವುಗಳ ಬೆನ್ನಿಗೆ ಏಳನೆಯ ಅಧ್ಯಾಯದ ಆರು ಹಾಳೆಗಳಿದ್ದವು. ಕಮಿಟಿಯ ಸಹಿ ಬಿದ್ದಿದ್ದರಿಂದ ಹಾಳೆ ಕೊಡಲು ಒಪ್ಪಲಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಒಂದು ಹಾಳೆಯಲ್ಲಿ ಫೈಲಿನ ತೂತು ಸರಿಯಾಗಿ ಕ್ರಿಯಾಪದದ ಮೇಲೆ ಬಿದ್ದಿತ್ತು. ‘ನಡುಗಿ’ ಉಳಿದಿತ್ತು, ಮುಂದಿನದು ತೂತಿನಲ್ಲಿ ಹೋಗಿತ್ತು. ತೂತಿನ ಆಚೆ ಪೂರ್ಣವಿರಾಮ. ಅಳತೆ ಮಾಡಿದೆ. ಅವಳ ಕೈಬರಹದಲ್ಲಿ ಆ ಜಾಗಕ್ಕೆ ಒಂದಕ್ಷರ ಹಿಡಿಸುತ್ತದೆ, ಎರಡು ಹಿಡಿಸುವುದಿಲ್ಲ. ‘ನಡುಗಿದರು’ ಅಲ್ಲ. ‘ನಡುಗಿದ’.

ದಿವಾ ಸ್ಟೇಷನ್ನಿನ ಬಳಿ ಕಲಬುರಗಿ ಕಡೆಯವರ ಒಂದು ಮನೆ. ಮನೆಯ ಯಜಮಾನ ಲೋಡಿಂಗ್ ಕೆಲಸಕ್ಕೆ ಹೋಗಿದ್ದ. ಮಗಳ ಮದುವೆ ಪತ್ರ ನನ್ನ ಅಂಗಡಿಯಲ್ಲೇ ಆಗಿತ್ತು. ಮಗಳು ತವರಿಗೆ ಬಂದಿದ್ದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಹಿಂದಿಯಲ್ಲಿ, “ಅಂಕಲ್, ವೋ ತೋ ಮಮ್ಮೀ ನೇ ದೇವ್ಹಾರೇ ಮೇ ಬಿಛಾಯಾ ಹೈ,” ಎಂದಳು. ತಾಯಿ ದೇವರ ಮಾಡದಿಂದ ಪಟಗಳನ್ನು ಒಂದೊಂದಾಗಿ ಇಳಿಸಿ, ಕೆಳಗೆ ಹಾಸಿದ್ದ ಹಾಳೆ ತೆಗೆದರು. ಅರಿಶಿನ, ಎಣ್ಣೆ ಹತ್ತಿತ್ತು.

“ನನಗ ಓದಾಕ ಬರಲ್ಲ ಅಣ್ಣಾ. ಎರಡೂ ಕಡಿ ಅಕ್ಷರ ಅದಾವ, ಕಾಲಾಗ ಬೀಳಬಾರದಂತ ದೇವರ ಬುಡಕ ಹಾಕಿನಿ. ಏನ್ ಬರದಾರ ಅದರಾಗ?”

ತಿರುಗಿಸಿ ನೋಡಿದೆ. ಅದೇ ಬಾಲ್ಕನಿಯ ಪುಟ. ನಿಂತಲ್ಲೇ ಓದಿ ಹೇಳಿದೆ: “ದೊರೆಗಳು ಬಾಲ್ಕನಿಗೆ ಬಂದರು. ಜನಕ್ಕೆ ಕೈ ಬೀಸಿದರು. ಒಳಗೆ ಹೋಗಿ ಅತ್ತ.”

“ಪಾಪ,” ಎಂದರು ಆ ತಾಯಿ. ಕೈಯಲ್ಲಿದ್ದ ಪಟ ಒರೆಸುತ್ತ, “ಹೊರಗ ಎಷ್ಟು ಮಂದಿ ಇದ್ದರೇನು, ಅಳಾಗ ಒಬ್ಬನ ಅಲಾ,” ಎಂದರು.

ಮಗಳು ನಮ್ಮಿಬ್ಬರನ್ನೂ ನೋಡಿ, “ಕ್ಯಾ ಹುವಾ?” ಎಂದಳು. ಆ ತಾಯಿಗೆ ವ್ಯಾಕರಣ ಗೊತ್ತಿಲ್ಲ. ವರ್ಷಗಟ್ಟಲೆ ಅಕ್ಷರ ಜೋಡಿಸಿದ ನನಗೆ ತಿಳಿಯದ್ದು ಅವರಿಗೆ ಒಂದೇ ಸಲ ಕೇಳಿದ್ದಕ್ಕೆ ತಿಳಿದಿತ್ತು. ಹಾಳೆ ಒಯ್ಯಲೇ ಎಂದು ಕೇಳಿದೆ. ಅವರು ಒಪ್ಪಿದರು. ದೇವರ ಕೆಳಗೆ ಹಾಸಲು ಚೀಲದಿಂದ ಹೊಸ ಹಾಳೆ ಕೊಟ್ಟೆ. “ಖಾಲಿ ಬ್ಯಾಡಣ್ಣ, ಏನಾರ ಬರದು ಕೊಡು,” ಎಂದರು. ಮಗಳ ಹೆಸರು, ಅಳಿಯನ ಹೆಸರು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ.

ಹೀಗೆ ಮುಂಬ್ರಾ, ಕಲ್ಯಾಣ, ಠಾಣೆ ಎಂದು ನಾಲ್ಕು ತಿಂಗಳು ತಿರುಗಿದೆ. ವರ್ಷದ ದಿನ ಪುಸ್ತಕವಿಲ್ಲದೆ ಕಳೆಯಿತು. ನಲವತ್ತಮೂರರಲ್ಲಿ ನಲವತ್ತು ಸಿಕ್ಕವು. ಸಿಗದ ಮೂರರಲ್ಲಿ ಎರಡು ಸಂತೆಯ ವರ್ಣನೆ. ಅಲ್ಲಿ ದೊರೆ ಬರುವುದಿಲ್ಲ, ನಾನು ಕೈ ಹಾಕಿರಲಿಲ್ಲ. ಮೂರನೆಯದು ಪುಸ್ತಕದ ಕೊನೆಯ ಹಾಳೆ.

ಕೊನೆಯ ಅಧ್ಯಾಯದಲ್ಲಿ ದೊರೆಯ ತಾಯಿ ಅವನನ್ನು ನೋಡಲು ಹಳ್ಳಿಯಿಂದ ಬರುತ್ತಾಳೆ. ತಪಾಸಣಾ ಇಲಾಖೆಯವರು ಮೂರು ದಿನ ಅವಳನ್ನು ಕೂರಿಸಿಕೊಂಡು ಬಹುವಚನ ಕಲಿಸುತ್ತಾರೆ. ಮುದುಕಿ ಕಲಿಯುತ್ತಾಳೆ, ಮರೆಯುತ್ತಾಳೆ, ಮತ್ತೆ ಕಲಿಯುತ್ತಾಳೆ. ನಾಲ್ಕನೆಯ ದಿನ ತುಂಬಿದ ಸಭೆಯಲ್ಲಿ ಮಗನ ಮುಂದೆ ನಿಂತು ಒಂದೇ ಮಾತು ಕೇಳುತ್ತಾಳೆ. ನನ್ನ ಕಡತದಲ್ಲಿ ಅದು ‘ಉಂಡಿರಾ?’ ಎಂದಿದೆ. ಅವಳು ಬರೆದದ್ದು ‘ಉಂಡಿರಾ’ ಆಗಿದ್ದರೆ ಇಲಾಖೆ ಗೆದ್ದಿತು, ತಾಯಿಯನ್ನೂ ಕಸಿದುಕೊಂಡಿತು. ‘ಉಂಡಿಯಾ’ ಆಗಿದ್ದರೆ ಆ ಸಭೆಯಲ್ಲಿ, ಎಲ್ಲರ ಎದುರಿಗೆ, ದೊರೆತನ ಮುಗಿಯಿತು. ಪುಸ್ತಕ ಎರಡರಲ್ಲಿ ಯಾವುದು ಎಂಬುದು ಆ ಒಂದಕ್ಷರದಲ್ಲಿದೆ. ಎರಡೂ ಅಕ್ಷರಕ್ಕೆ ಹಿಡಿಯುವ ಜಾಗ ಒಂದೇ. ಕೊನೆಯದನ್ನು ಗೆಳತಿಗೂ ಅವಳು ಹೇಳಿರಲಿಲ್ಲ. ಪುಸ್ತಕ ಬಂದಾಗ ಓದು ಎಂದಿದ್ದಳಂತೆ.

ಆ ಹಾಳೆ ಎಲ್ಲಿ ಹೋಯಿತೆಂದು ಪಟ್ಟಿ ನೋಡಿದೆ. ಅದನ್ನು ಟ್ರೇಗೆ ಹಾಕಿದ ಮರುದಿನ ಅಂಗಡಿಯಲ್ಲಿ ಆದದ್ದು ಒಂದೇ ಪ್ರಿಂಟು. ನಮ್ಮ ಬಿಲ್ಡಿಂಗಿನ ಬೋರ್ಡಿಗೆ ಹಾಕಲು ಮರಾಠಿಯಲ್ಲಿ ನಾನೇ ಮಾಡಿಕೊಂಡ ನಾಲ್ಕು ಸಾಲು: ಅವಳು ಹೋದ ಸುದ್ದಿ, ಅಂತ್ಯಕ್ರಿಯೆಯ ಹೊತ್ತು. ರೂಢಿಯ ಪ್ರಕಾರ ಟ್ರೇಯಿಂದಲೇ ತೆಗೆದಿದ್ದೇನೆ. ಬೆನ್ನು ನೋಡದೆ ಅದಕ್ಕೆ ಗೋಂದು ಬಳಿದಿದ್ದೇನೆ. ವಾಚ್‌ಮನ್ನನನ್ನು ಕೇಳಿದೆ. “ಸೇಠ್, ಚಿಪಕ್ ಗಯಾ ಥಾ. ಪಾನೀ ಮಾರ್‌ಕೇ ಖುರಚಾ ಮೈನೇ,” ಎಂದ. ನೀರು ಹೊಡೆದು ಕೆರೆದು ತೆಗೆದಿದ್ದ. ಬೋರ್ಡಿನ ಮೂಲೆಯಲ್ಲಿ ಬೆರಳುಗುರಿನಷ್ಟು ಕಾಗದ ಇನ್ನೂ ಅಂಟಿಕೊಂಡಿತ್ತು. ಬಿಡಿಸಿ ನೋಡಿದೆ. ಅಕ್ಷರವಿರಲಿಲ್ಲ.

“ಯಾವುದರ ಒಂದು ಹಾಕ್ರಿ. ಯಾರಿಗೆ ಗೊತ್ತಾಗ್ತದ?” ಎಂದರು ಕಾರ್ಯದರ್ಶಿ. ಈ ಸಲ ಪುಸ್ತಕವನ್ನು ಸರಿಯಾಗಿ ಓದಿ, ಸಾಹೇಬರ ಮಾತು ಬಿಟ್ಟಿದ್ದರು. “ಉಂಡಿಯಾ ಹಾಕ್ರಿ, ಛಲೋ ಅನಸ್ತದ.”

ನನಗೂ ಹಾಗೇ ಅನಿಸುತ್ತದೆ. ವಾರ್ಡಿನಲ್ಲಿ ಅವಳು ನನ್ನನ್ನು ಕೇಳಿದ್ದು ಕಿವಿಯಲ್ಲಿದೆ. ಅದು ಸೋಡಿಯಂ ಅಲ್ಲವೆಂದು ಈಗ ಗೊತ್ತು. ಬಹುಶಃ ಅದೇ ವಾರ ಅವಳು ಈ ಪುಟ ಬರೆಯುತ್ತಿದ್ದಳು. ಆದರೆ ಅವಳು ನನಗೆ ಕೇಳಿದ್ದು ಒಂದು, ತನ್ನ ಮುದುಕಿಯ ಬಾಯಲ್ಲಿ ಹಾಕಿದ್ದು ಇನ್ನೊಂದು ಇರಬಹುದು. ಒಮ್ಮೆ ಅವಳನ್ನು ತಿದ್ದಿದವನು ನಾನು. ಮತ್ತೊಂದು ಸಲ, ಇಷ್ಟವಾದದ್ದಕ್ಕಾಗಿ, ತಿದ್ದಲಾರೆ.

ಅಚ್ಚಿಗೆ ಹೋದ ಪ್ರತಿಯಲ್ಲಿ ‘ಉಂಡಿ’ ಎಂದಿದೆ, ಮುಂದೆ ಒಂದಕ್ಷರದಷ್ಟು ಖಾಲಿ ಜಾಗ, ಆಮೇಲೆ ಪ್ರಶ್ನಾರ್ಥಕ ಚಿಹ್ನೆ. ಅಚ್ಚಿನವರು ತಪ್ಪೆಂದು ಎರಡು ಸಲ ಫೋನ್ ಮಾಡಿದರು. ಹಾಗೇ ಇರಲಿ ಎಂದೆ. ಎಂಟನೆಯ ಅಧ್ಯಾಯದ ಕೊನೆಯ ಹಾಳೆ ಇನ್ನು ಸಿಗುವುದಿಲ್ಲ.